ಮೂರು ತಲೆಮಾರು ಬರೆಯಿರಿ

ಎರಡನೇ ಸೆಮಿಸ್ಟರಿನ ಮನೆಪಾಠ:
ರೋಗಿಯೊಬ್ಬರ ವಂಶವೃಕ್ಷ, ಮೂರು ತಲೆಮಾರು.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ವಾಹಕರಿಗೆ ಅರ್ಧ ಮಸಿ,
ಸತ್ತವರ ಮೇಲೆ ಓರೆಗೆರೆ.
ಶನಿವಾರ ರಾತ್ರಿ ಹನ್ನೆರಡರೊಳಗೆ ಕಳಿಸಬೇಕು.

ಇಪ್ಪತ್ತೊಂದು ವರ್ಷ ಸೂಜಿ ಚುಚ್ಚಿದ ಕೈ ಇದು.
ಸಿದ್ದಾಪುರದ ಆಸ್ಪತ್ರೆಯಲ್ಲಿ ರಕ್ತ ಅಂದರೆ ನನಗೆ
ಬಾಟಲಿ, ಗುಂಪು, ತೋಳಿನ ಮೇಲೆ ಹೋಗದ ಕಲೆ.
ನಲವತ್ತನಾಲ್ಕಕ್ಕೆ ಈಗ
ಅದರೊಳಗಿನ ಬರಹ ಓದಲು ಕೂತಿದ್ದೇನೆ
ರಾತ್ರಿ ಪಾಳಿ ಮುಗಿಸಿ, ಕನ್ನಡಕ ಒರೆಸಿಕೊಂಡು.
ಫೋನಿನಲ್ಲಿ ಶೆಣೈ ಮೇಡಂ:
"ಹನ್ನೊಂದನೇ ಕ್ರೋಮೋಸೋಮು, ಬೀಟಾ ಗ್ಲೋಬಿನ್.
ಒಂದೇ ಒಂದು ಕಡೆ
ಎ ಇರಬೇಕಾದಲ್ಲಿ ಟಿ."
ಜೊತೆಗೆ ಓದುವ ಎಳೆಯ ಡಾಕ್ಟರುಗಳು
ಸಣ್ಣ ಸಣ್ಣ ಕಿಟಕಿಗಳಲ್ಲಿ ತಲೆಯಾಡಿಸುತ್ತಾರೆ.
ನಾನು ಬರೆದುಕೊಳ್ಳುತ್ತೇನೆ, ಕನ್ನಡದಲ್ಲೇ.

ಮೊದಲು ನನ್ನದೇ ಮನೆತನ ಬರೆದು ನೋಡಿದೆ.
ಏನು ಕಷ್ಟ? ನಮ್ಮ ಒಕ್ಕದ ಕಾರೋಣನಿಂದ ಹಿಡಿದು
ಒಂಬತ್ತು ತಲೆ ಬಾಯಿಪಾಠ.
ಚೌಕ, ಚೌಕ, ಚೌಕ.
ಪಕ್ಕದ ವೃತ್ತಗಳಿಗೆ ಹೆಸರಿಲ್ಲ.
ಬೇರೆ ಒಕ್ಕದಿಂದ ಬಂದವಳು, ಅಷ್ಟೇ ಗೊತ್ತು ಚಿಕ್ಕಪ್ಪನಿಗೆ,
ಕೈಮಡಕ್ಕೆ ದೀಪ ಇಡುವ ಅವನಿಗೇ.

ಗುರುವಾರ ಮಾಲ್ದಾರೆ ರಸ್ತೆಯ ತೋಟದ ಲೈನಿಗೆ ಹೋದೆ.
ಐದರೊಳಗೆ ವಾಪಸಾಗಬೇಕು, ಆನೆ ದಾಟುವ ಜಾಗ.
ಮದ್ದುಸೊಪ್ಪಿನ ಪಾಯಸ ಉಂಡು ವಾರವಾಗಿತ್ತು;
ಹದಿನೆಂಟು ಮದ್ದು ಒಂದೇ ಎಲೆಯಲ್ಲಿ ಅನ್ನುತ್ತಿದ್ದಳು ಅವ್ವ,
ಇದಕ್ಕೆ ಹತ್ತೊಂಬತ್ತನೆಯದು ಬೇಕಿತ್ತು.
ಚಾತಿ ಬಾಗಿಲಲ್ಲಿ ಕೂತಿದ್ದಳು,
ಮಡಿಲಲ್ಲಿ ಬೊಳ್ಳ, ಎಂಟು ವರ್ಷ,
ಕಕ್ಕಡದ ಥಂಡಿಗೆ ಮೊಣಕಾಲು ಊದಿ.

ಹಾಜರಿ ಪುಸ್ತಕದಲ್ಲಿ ಅವಳು ಚಾಟಿ.
ಯಾವನೋ ರೈಟರು ಎಂದೋ ತಪ್ಪು ಬರೆದ,
ಅದೇ ರೇಷನ್ ಕಾರ್ಡಿಗೆ ಹೋಯಿತು, ಆಧಾರಿಗೆ ಹೋಯಿತು,
ಮಗನ ಶಾಲೆಗೆ, ನಮ್ಮ ಆಸ್ಪತ್ರೆಯ ಚೀಟಿಗೂ.
ತಿ ಇರಬೇಕಾದಲ್ಲಿ ಟಿ.
ಪೆನ್ನು ಹಿಡಿದವಳು ನಿಂತೇಬಿಟ್ಟೆ.
ಮೇಡಂ ಎರಡು ಗಂಟೆ ಹೇಳಿದ್ದು
ಇಷ್ಟೇ.

"ನಮ್ಮಮ್ಮ ಕರಿಂಬಿ. ಅವಳಮ್ಮ ಬೆಳಚ್ಚಿ. ಅವಳಮ್ಮ
ಮಾರಿ, ಹಲ್ಲು ಹೋದ ಮೇಲೂ ಏಡಿ ಬಿಡದವಳು.
ಅವಳಮ್ಮ..."
ಸಾಕು ಚಾತಿ, ಹಾಳೆಯಲ್ಲಿ ಜಾಗ ಇಲ್ಲ.
"ನಾನು ಹೇಳದಿದ್ರೆ ಇನ್ಯಾರು ಹೇಳ್ತಾರೆ?"
ವೃತ್ತದ ಮೇಲೆ ವೃತ್ತ, ಎಲ್ಲಕ್ಕೂ ಹೆಸರು.
ಒಳಗೆ ಮಾತ್ರ ಪ್ರಶ್ನೆಚಿಹ್ನೆ: ಅವರ ರಕ್ತ
ಯಾರೂ ನೋಡಿರಲಿಲ್ಲ.

ನಾಲ್ಕರಲ್ಲಿ ಒಂದು ಅಂತ ಹೇಳಬೇಕಿತ್ತು.
ಹೇಳುವ ಬಗೆಗೂ ಪಾಠ ಇದೆ, ಆರನೇ ಘಟಕ:
ದನಿ ತಗ್ಗಿಸಿ, ತಪ್ಪು ಯಾರದೂ ಅಲ್ಲ ಅನ್ನಿ.
ಅಂದೆ.
"ನಾಲ್ಕು ಹೆತ್ತೆ ಸಿಸ್ಟ್ರೆ. ಎರಡು ಇದರಲ್ಲೇ ಹೋದ್ವು.
ನಿಮ್ಮ ಲೆಕ್ಕದಲ್ಲಿ ಇವನಿಗೆ ನೋವು ಬರಬಾರದಿತ್ತು, ಅಲ್ವಾ?"
ಪ್ರತಿ ಬಸಿರಿಗೂ ಲೆಕ್ಕ ಹೊಸದು ಚಾತಿ,
ಹಿಂದಿನದು ಅದಕ್ಕೆ ನೆನಪಿರಲ್ಲ.
"ನೆನಪಿಲ್ಲದ್ದು ಎಂಥ ಲೆಕ್ಕ" ಅಂದಳು. ಜಗಳಕ್ಕಲ್ಲ.

ಆ ಎರಡರ ಮೇಲೆ ಗೆರೆ ಎಳೆಯುವಾಗ ಕೈ ಹಿಡಿದಳು.
"ಹೊಡೆದು ಹಾಕ್ಬೇಡಿ.
ಅವು ತಪ್ಪು ಬರೆದದ್ದಲ್ಲ."

ಶನಿವಾರ ಹನ್ನೊಂದೂ ಮುಕ್ಕಾಲಿಗೆ ಕಳಿಸಿದೆ.
ಇಪ್ಪತ್ತಕ್ಕೆ ಹದಿಮೂರು.
ಷರಾ: ಮೃತರನ್ನು ಗುರುತಿಸಿಲ್ಲ.
ಕೇಳಿದ್ದಕ್ಕಿಂತ ಹೆಚ್ಚು ತಲೆಮಾರು.
ಸರಿಯೇ.

ಸೋಮವಾರ ಬೊಳ್ಳನ ಮಾತ್ರೆಯ ಚೀಟಿ ಬಂತು ನನ್ನ ಮೇಜಿಗೆ.
ತಾಯಿಯ ಹೆಸರು ತಿದ್ದಿದೆ, ಒಂದೇ ಅಕ್ಷರ, ಕೆಂಪು ಪೆನ್ನು.
ಮಧ್ಯಾಹ್ನಕ್ಕೆ ಕಂಪ್ಯೂಟರಿನ ಹುಡುಗ
ಮತ್ತೆ ಟಿ ಮಾಡಿ ತಂದುಕೊಟ್ಟ:
"ಆಧಾರಲ್ಲಿ ಹೇಗಿದೆಯೋ ಹಾಗೇ ಬರಬೇಕು ಸಿಸ್ಟರ್."

ಸಂಜೆ ಪೊನ್ನಂಪೇಟೆಯ ಸೋದರತ್ತೆಗೆ ಫೋನು ಮಾಡಬೇಕು.
ನಮ್ಮ ಮುತ್ತಜ್ಜಿಯ ಹೆಸರು ಏನಿತ್ತು?
ತೊಂಬತ್ತೊಂದು ಅವಳಿಗೆ, ಕಿವಿ ಮಂದ.
ಜೋರಾಗಿ ಕೇಳಬೇಕು.